ತೊಗರಿ ಕಟ್ಟಿಗೆಯಲ್ಲಿ ಅಣಬೆಯ ಬೆಳೆ

ಸಂಕ್ರಮಣದ ಎಡಬಲದ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಯಾವ ಊರಿಗೆ ಹೋದರೂ ಕಣ್ಣಿಗೆ ಮೊದಲು ಬೀಳುವದು ತೊಗರಿ ಕಟ್ಟಿಗೆಯ ಬಣವೆ. ಕಾಳು ಪೇಟೆಗೆ ಹೋಗುವದು. ಹೊಟ್ಟು ದನಗಳ ಪಾಲಾಗುವದು. ಕಟ್ಟಿಗೆ ಮಾತ್ರ ಹಿತ್ತಲಲ್ಲಿ ಉಳಿಯುವದು. ಹಿಂದಿನವರಿಗೆ ಅದೇ ಒಲೆಯ ಉರುವಲು, ಅದೇ ಚಪ್ಪರದ ಹೊದಿಕೆ, ಅದೇ ಹಿತ್ತಲಿನ ತಡಿಕೆ. ಈಗ ಮನೆಮನೆಗೆ ಗ್ಯಾಸಿನ ಒಲೆ ಬಂದಿರುವದರಿಂದ ಆ ಕಟ್ಟಿಗೆಯನ್ನು ಕೇಳುವವರು ಕಡಿಮೆಯಾದರು; ಎಷ್ಟೋ ಕಡೆಗೆ ಅದಕ್ಕೆ ಹೊಲದ ಬದುವಿನಲ್ಲಿಯೇ ಬೆಂಕಿ ಇಡುವರು. 2019ರಲ್ಲಿ ಕಲಬುರಗಿಯ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಾಳಿಗೆ ಮಾನ ಬಂದಿತು. ಆ ಕಾಳನ್ನು ಆರು ತಿಂಗಳು ಹೊತ್ತು ನಿಂತ ಕಟ್ಟಿಗೆಗೆ ಬೂದಿಯ ಗತಿಯೇ ಉಳಿಯಿತು.

ಈ ಕಟ್ಟಿಗೆಯಿಂದಲೇ ಮನೆಯವರ ಊಟಕ್ಕೆ ಒಂದು ಒಳ್ಳೆಯ ಪದಾರ್ಥವನ್ನು ಪಡೆಯಬಹುದೆಂಬದನ್ನು ನಾವು ಕಳೆದ ಮೂರು ಚಳಿಗಾಲಗಳಲ್ಲಿ ಆಳಂದ ತಾಲೂಕಿನ ನಮ್ಮ ಮನೆಯಲ್ಲಿ ಮಾಡಿ ನೋಡಿದ್ದೇವೆ. ಆ ಅನುಭವವನ್ನು, ಅದರೊಳಗಿನ ತಪ್ಪುಗಳನ್ನೂ ಮುಚ್ಚಿಡದೆ, ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಅಪರೂಪದ ಗಿಡಗಳನ್ನು ಹವ್ಯಾಸಕ್ಕಾಗಿ ಬೆಳೆಸುವದು ನಮ್ಮ ಸೀಮೆಗೆ ಹೊಸತಲ್ಲ. ಈ ಎರೆಭೂಮಿಯ ಬಿಸಿಲಿನಲ್ಲಿಯೂ ಒಬ್ಬ ಗೃಹಸ್ಥರು ಅಂಗಳದ ಕುಂಡಗಳಲ್ಲಿ ಹತ್ತು ಬಗೆಯ ಕಳ್ಳಿಗಳನ್ನು ಕೂಡಿಸುವರು. ಇನ್ನೊಬ್ಬರು ಕಮಲಾಪುರದ ಕೆಂಪು ಬಾಳೆಯ ಕಂದನ್ನು ತಂದು ಬಾವಿಯ ಬದಿಗೆ ನೆಟ್ಟು, ಹಣ್ಣಿಗೆ ಅಲ್ಲಿಯ ರುಚಿ ಬರಲಿಲ್ಲವೆಂದು ಹಳಹಳಿಸುವರು. ನಮ್ಮ ಹವ್ಯಾಸವೂ ಕುಂಡದ ಗಿಡಗಳಿಂದಲೇ ಮೊದಲಾಯಿತು. ಆದರೆ ಗಿಡಕ್ಕೆ ಬೆಳಕು ಬೇಕು, ಮಣ್ಣು ಬೇಕು, ಬೇಸಿಗೆಯಲ್ಲಿ ದಿನಕ್ಕೆರಡು ಸಾರೆ ನೀರು ಬೇಕು. ಕತ್ತಲೆಯ ಕೋಣೆಯೊಂದರಲ್ಲಿ, ಮಣ್ಣಿಲ್ಲದೆ, ಒಣ ಕಟ್ಟಿಗೆಯನ್ನೇ ಉಂಡು ಬೆಳೆಯುವ ಜೀವವೊಂದು ಉಂಟೆಂದು ತಿಳಿದಾಗ ನಮ್ಮ ಮನಸ್ಸು ಅತ್ತ ಹರಿಯಿತು.

ಅಣಬೆಯು ಗಿಡದ ಜಾತಿಗೆ ಸೇರಿದುದಲ್ಲ. ಅದರಲ್ಲಿ ಹಸುರು ಇಲ್ಲ. ಸೂರ್ಯನ ಬೆಳಕಿನಿಂದ ಅನ್ನವನ್ನು ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಬೇರೆ ಜೀವಗಳು ಬಿಟ್ಟುಹೋದ ಎಲೆ, ಕಡ್ಡಿ, ಕಟ್ಟಿಗೆ, ಗೊಬ್ಬರಗಳನ್ನು ಕರಗಿಸಿ ಅದು ಬಾಳುವದು. ಗಾಣಗಾಪುರದ ಭೀಮಾ-ಅಮರ್ಜಾ ಸಂಗಮಕ್ಕೆ ಹೋದ ನಮ್ಮ ವಾಚಕರು ಅಲ್ಲಿಯ ಔದುಂಬರಕ್ಕೆ ಪ್ರದಕ್ಷಿಣೆ ಮಾಡಿರಬಹುದು. ಅತ್ತಿಯ ಹೂವು ಯಾರಿಗೂ ಕಾಣುವದಿಲ್ಲವೆಂದು ಹೇಳುವ ವಾಡಿಕೆಯುಂಟು. ಹೂವು ಇಲ್ಲವೆಂದಲ್ಲ, ಕಾಯಿಯಂತೆ ತೋರುವ ಗುಂಡಿನೊಳಗೆ ಅದು ಅಡಗಿರುವದು. ಅಣಬೆಯಲ್ಲಿಯೂ ಅಡಗಿದ್ದೇ ಹೆಚ್ಚು. ನಮ್ಮ ಕಣ್ಣಿಗೆ ಬೀಳುವ ಕೊಡೆಯು ಅದರ ಫಲ ಮಾತ್ರ. ನಿಜವಾದ ಒಡಲು ಬಿಳಿಯ ನೂಲಿನ ಬಲೆಯಾಗಿ ಕಟ್ಟಿಗೆಯೊಳಗೆ ಹಬ್ಬಿರುವದು.

ಕಟ್ಟಿಗೆಯಲ್ಲಿ ಮುಖ್ಯವಾಗಿ ಎರಡು ವಸ್ತುಗಳುಂಟು. ಒಂದು ನಾರು, ಮತ್ತೊಂದು ಆ ನಾರುಗಳನ್ನು ಬಿಗಿಹಿಡಿಯುವ ಲಿಗ್ನಿನ್ ಎಂಬ ಗಟ್ಟಿ ಅಂಟು. ಈ ಅಂಟನ್ನು ಕರಗಿಸುವದು ಬಹಳ ಜೀವಗಳಿಂದ ಆಗದ ಕೆಲಸ. ಸತ್ತ ಮರಗಳ ಮೇಲೆ ಬೆಳೆಯುವ ಕೆಲವು ಅಣಬೆಗಳಿಗೆ ಅದು ಸಾಧ್ಯವಾಗಿದೆ. ಚಿಪ್ಪಿನ ಆಕಾರದಲ್ಲಿ ಗೊಂಚಲು ಗೊಂಚಲಾಗಿ ಏಳುವ ಚಿಪ್ಪಣಬೆಯು ಆ ಜಾತಿಗಳಲ್ಲೊಂದು. ನಮ್ಮ ಬೆಳೆಯೂ ಅದೇ. ಮೊದಲನೆಯ ಮಹಾಯುದ್ಧದಲ್ಲಿ ಆಹಾರಕ್ಕೆ ಕಷ್ಟವಾದಾಗ, 1917ರ ಸುಮಾರಿಗೆ, ಜರ್ಮನಿಯಲ್ಲಿ ಫಾಲ್ಕ್ ಎಂಬ ವಿದ್ವಾಂಸರು ಕಡಿದ ಮರದ ಬೊಡ್ಡೆಗಳ ಮೇಲೆ ಇದನ್ನು ಬೆಳೆಸಿ ತೋರಿಸಿದರು. ನಮ್ಮ ನಾಡಿನವರೂ ಹಿಂದೆ ಬೀಳಲಿಲ್ಲ. 1962ರಲ್ಲಿ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದ ಝಕಿಯಾ ಬಾನು ಮತ್ತು ಶ್ರೀವಾಸ್ತವ ಎಂಬವರು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆಯನ್ನು ಬೆಳೆಸುವ ರೀತಿಯನ್ನು ಪ್ರಕಟಿಸಿದರು. ಮರದ ಬೊಡ್ಡೆಯು ಎಲ್ಲರಿಗೂ ಸಿಕ್ಕುವದಿಲ್ಲ, ಹುಲ್ಲು ಸಿಕ್ಕುವದು. ಆದುದರಿಂದಲೇ ಈ ಬೆಳೆಯು ಕಾಡಿನಿಂದ ಮನೆಯೊಳಗೆ ಬರಲು ಸಾಧ್ಯವಾಯಿತು.

ನಾವು ಈ ಸಂಗತಿಯನ್ನು ಮನೆಯಲ್ಲಿ ಎತ್ತಿದಾಗ ನಮ್ಮ ತಾಯಿಯವರು ಒಮ್ಮೆಲೆ ಬೇಡವೆಂದರು. "ತಿಪ್ಪಿ ಮ್ಯಾಗ ಏಳೂದನ್ನ ಒಲಿ ಮ್ಯಾಗ ಇಡ್ತೀರೇನು ತಮ್ಮಾ?" ಎಂದು ಅವರು ಕೇಳಿದರು. ಇದು ಮಡಿಯ ಮಾತೆಂದು ನಾವು ಮೊದಲು ತಿಳಿದೆವು. ಆದರೆ ಆ ಸಂಜೆ ಅವರೇ ಕಾರಣವನ್ನು ಹೇಳಿದರು. ಅವರು ಚಿಕ್ಕವರಿದ್ದಾಗ ನೆರೆಮನೆಯವರು ಮೊದಲ ಮಳೆಗೆ ಬದುವಿನಲ್ಲಿ ಎದ್ದ ಅಣಬೆಗಳನ್ನು ಕಿತ್ತು ತಂದು ಪಲ್ಯ ಮಾಡಿದ್ದರಂತೆ. ರಾತ್ರಿ ಎಲ್ಲರೂ ಚೆನ್ನಾಗಿಯೇ ಮಲಗಿದರು. ಬೆಳಗಿನ ಜಾವಕ್ಕೆ ವಾಂತಿ ಭೇದಿಗಳು ಹತ್ತಿದವು. ದೊಡ್ಡವರು ಹೇಗೋ ಉಳಿದರು. ಅವರ ಜೊತೆಯಲ್ಲಿ ಆಡುತ್ತಿದ್ದ ಹುಡುಗನೊಬ್ಬನು ಮೂರನೆಯ ದಿನಕ್ಕೆ ತೀರಿಕೊಂಡನು. ಈ ಮಾತನ್ನು ಕೇಳಿದ ಮೇಲೆ ಅವರ ಅಂಜಿಕೆಯನ್ನು ಮೂಢತನವೆಂದು ತಳ್ಳಿಹಾಕುವ ಧೈರ್ಯವು ನಮಗಾಗಲಿಲ್ಲ. ಬೆಳೆದುದನ್ನು ಅವರು ಕಣ್ಣಾರೆ ಕಂಡು ಒಪ್ಪುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ಹಾಕಬಾರದೆಂಬ ಕರಾರಿನ ಮೇಲೆ ಕೆಲಸಕ್ಕೆ ಕೈಯಿಕ್ಕಿದೆವು.

ಮೊದಲನೆಯ ವರ್ಷ ನಾವು ಪೂರ್ಣವಾಗಿ ಸೋತೆವು. ಸೋಲಿಗೆ ಮೂರು ಕಾರಣಗಳಿದ್ದವು. ಒಂದನೆಯದಾಗಿ, ತೊಗರಿ ಕಟ್ಟಿಗೆಯನ್ನು ಬೆರಳುದ್ದ ಕಡಿದು ಹಾಗೆಯೇ ನೆನೆಯಿಟ್ಟೆವು. ಸಿಪ್ಪೆ ನೆನೆಯಿತು, ಒಳಗಿನ ತಿರುಳು ಒಣಗಿಯೇ ಉಳಿಯಿತು. ಎರಡನೆಯದಾಗಿ, ಅಂಗಡಿಯೊಂದರಿಂದ ತರಿಸಿದ ಅಣಬೆ ಬೀಜವು ಹಳೆಯದಾಗಿತ್ತು. ಚೀಲ ಬಿಚ್ಚುತ್ತಲೇ ಹುಳಿ ವಾಸನೆ ಬಂದರೂ ದುಡ್ಡು ಕೊಟ್ಟಿದ್ದೇವೆಂದು ಅದನ್ನೇ ಬಳಸಿದೆವು. ಮೂರನೆಯದಾಗಿ, ಚೀಲಗಳನ್ನು ಪತ್ರಾಸಿನ ಮಾಡಿನ ಕೆಳಗೆ ತೂಗಹಾಕಿದೆವು. ಹಗಲಿನ ಕಾವು ಅಲ್ಲಿ ತಡೆಯಲಾಗದಷ್ಟಿತ್ತು. ಎರಡು ವಾರಗಳಲ್ಲಿ ಎಲ್ಲ ಚೀಲಗಳ ಒಳಗೆ ಹಸುರು ಬೂಷ್ಟು ಹಿಡಿಯಿತು. ಅವನ್ನೆಲ್ಲ ದೂರದ ತಗ್ಗಿನಲ್ಲಿ ಹೂಳಿ ಬಂದೆವು. ತಾಯಿಯವರು ಏನೂ ಅನ್ನಲಿಲ್ಲ. ಅನ್ನದೆ ಇದ್ದುದೇ ನಮಗೆ ಹೆಚ್ಚು ಚುಚ್ಚಿತು.

ಎರಡನೆಯ ವರ್ಷ ಮಾಡಿದ ರೀತಿಯನ್ನು ವಿಸ್ತಾರವಾಗಿ ಹೇಳುವೆವು. ಇಂದಿಗೂ ನಾವು ಅದನ್ನೇ ನಡೆಸಿಕೊಂಡು ಬಂದಿದ್ದೇವೆ.

ತೊಗರಿ ಕಟ್ಟಿಗೆಯಲ್ಲಿ ಬುಡದ ದಪ್ಪ ಭಾಗವನ್ನು ಬಿಟ್ಟು ತುದಿಯ ಸಣ್ಣ ಕಡ್ಡಿಗಳನ್ನು ಆರಿಸಿಕೊಳ್ಳತಕ್ಕದ್ದು. ಅವುಗಳನ್ನು ಕಲ್ಲಿನ ಮೇಲೆ ಜಜ್ಜಿ ಸೀಳಿ, ಎರಡು ಮೂರು ಅಂಗುಲದ ತುಂಡುಗಳಾಗಿ ಮಾಡಬೇಕು. ಇದಕ್ಕೆ ಸಮಭಾಗ ಜೋಳದ ಕಣಿಕೆಯ ತುಂಡುಗಳನ್ನು ಬೆರೆಸಿದರೆ ಚೀಲದೊಳಗೆ ಸಂದು ಉಳಿಯದೆ ಒತ್ತಾಗಿ ಕೂಡುವದು. ಮಳೆಯಲ್ಲಿ ನೆನೆದು ಕಪ್ಪಾದ ಕಣಿಕೆಯೂ ಬೂಷ್ಟು ಹಿಡಿದ ಕಡ್ಡಿಯೂ ಬೇಡ. ಕಾಯಿಕೊರಕದ ಹುಳಕ್ಕಾಗಿ ಮೇಲಿಂದ ಮೇಲೆ ಔಷಧ ಹೊಡೆದ ಹೊಲದ ಕಟ್ಟಿಗೆಯನ್ನು ಸಹ ಬಿಡುವದು ಒಳಿತು; ನಮ್ಮ ಬಾಯಿಗೆ ಬರತಕ್ಕ ವಸ್ತು ಅದರ ಮೇಲೆ ಬೆಳೆಯುವದೆಂಬದನ್ನು ಮರೆಯಬಾರದು.

ಇನ್ನೊಂದು ಎಚ್ಚರಿಕೆಯು ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಅವಶ್ಯವಿದೆ. 2022ರ ಹಂಗಾಮಿನಲ್ಲಿ ತೊಗರಿಯು ನೆಟೆರೋಗದಿಂದ ನಿಂತಲ್ಲಿಯೇ ಒಣಗಿದುದನ್ನು ಇಲ್ಲಿಯ ರೈತರು ಇನ್ನೂ ಮರೆತಿಲ್ಲ. ಆ ರೋಗಕ್ಕೆ ಕಾರಣವಾದುದೂ ಒಂದು ಶಿಲೀಂಧ್ರವೇ. ಅಣಬೆಯ ದೂರದ ದಾಯಾದಿಯೆನ್ನಬಹುದು. ಅದು ಮಣ್ಣಿನಲ್ಲಿಯೂ ರೋಗ ತಾಕಿದ ಗಿಡದ ಬೇರು ಕಾಂಡಗಳಲ್ಲಿಯೂ ಬಹುದಿನ ಉಳಿಯುವದು. ಆದುದರಿಂದ ನೆಟೆ ಹಿಡಿದ ಹೊಲದ ಕಟ್ಟಿಗೆಯನ್ನು ಈ ಕೆಲಸಕ್ಕೆ ತರಬಾರದು. ಅದನ್ನು ಸುಡುವದೇ ಸರಿ. ಒಂದೇ ಕುಲದಲ್ಲಿ ಬೆಳೆಯನ್ನು ಕೊಲ್ಲುವವನೂ ಉಂಟು, ಕಸವನ್ನು ರಸವಾಗಿಸುವವನೂ ಉಂಟು; ಗುರುತು ಹಿಡಿದು ನಡೆಯುವದು ಗೃಹಸ್ಥನ ಜಾಣತನ.

ತುಂಡುಗಳನ್ನು ಒಂದು ಹಗಲು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಯಿಡಬೇಕು. ಅನಂತರ ಹಂಡೆಯಲ್ಲಿ ನೀರು ಕಾಯಿಸಿ, 80 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನ ಬಿಸಿಯಲ್ಲಿ ಒಂದು ತಾಸು ಮುಳುಗಿಸಿಡಬೇಕು. ಉಷ್ಣಮಾಪಕವಿಲ್ಲದವರು ನೀರಿನ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದು ಕುದಿ ಬಾರದ ಹದವನ್ನು ಕಾಯ್ದುಕೊಳ್ಳಬಹುದು. ಇದರಿಂದ ಕಟ್ಟಿಗೆಯಲ್ಲಿ ಅಡಗಿದ ಬೂಷ್ಟಿನ ಬೀಜಗಳೂ ಹುಳುಗಳೂ ಬಹುಮಟ್ಟಿಗೆ ಅಳಿಯುವವು. ಆಮೇಲೆ ಶುಚಿಯಾದ ಬಟ್ಟೆಯ ಮೇಲೆ ನೆರಳಿನಲ್ಲಿ ಹರವಿ ನೀರು ಬಸಿಯಗೊಡತಕ್ಕದ್ದು. ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ತೇವವಾಗಬೇಕು. ಈ ಹದವನ್ನು ರೊಟ್ಟಿಯ ಹಿಟ್ಟು ನಾದುವ ಗೃಹಿಣಿಯರು ನಮಗಿಂತ ಬೇಗ ಕಲಿಯುವರು.

ಬೀಜವೆಂದರೆ ಬೇಯಿಸಿದ ಜೋಳ ಅಥವಾ ಗೋದಿಯ ಕಾಳುಗಳ ಮೇಲೆ ಬೆಳೆಸಿದ ಅಣಬೆಯ ಬಿಳಿ ನೂಲು. ಕಾಳುಗಳೆಲ್ಲ ಬೆಳ್ಳಗೆ ಹತ್ತಿಯಲ್ಲಿ ಸುತ್ತಿದಂತೆ ಇರಬೇಕು. ಹಸುರು, ಕಪ್ಪು ಚುಕ್ಕೆಗಳಾಗಲಿ ಹುಳಿ ವಾಸನೆಯಾಗಲಿ ಇದ್ದರೆ ಮರಳಿ ಕೊಡತಕ್ಕದ್ದು. ಬೆಂಗಳೂರಿನ ಹತ್ತಿರದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಒಳ್ಳೆಯ ಬೀಜವನ್ನು ಮಾಡುವರು. ಹೊಸಬರು ಬೀಜ ಕೊಳ್ಳುವ ಮೊದಲು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯಾಗಲಿ, ಜೇವರ್ಗಿ ತಾಲೂಕಿನ ರದ್ದೇವಾಡಗಿಯ ಕೇಂದ್ರದಲ್ಲಿಯಾಗಲಿ ಬಲ್ಲವರನ್ನು ಕೇಳಿಕೊಳ್ಳುವದು ಒಳ್ಳೆಯದು.

ಒಂದು ಕಿಲೋ ಒಣ ಸಾಮಗ್ರಿಗೆ 100 ಗ್ರಾಂ ಬೀಜ ಸಾಕು. ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬೆರಳು ಎತ್ತರ ಸಾಮಗ್ರಿ, ಅಂಚಿನ ಸುತ್ತ ಒಂದು ಹಿಡಿ ಬೀಜ, ಮತ್ತೆ ಸಾಮಗ್ರಿ, ಹೀಗೆ ಪದರು ಪದರಾಗಿ ಒತ್ತಿ ತುಂಬಿ ಬಾಯಿ ಕಟ್ಟಬೇಕು. ಸುತ್ತಲೂ ಹತ್ತು ಹನ್ನೆರಡು ಸಣ್ಣ ತೂತುಗಳನ್ನು ಚುಚ್ಚಬೇಕು. ಅಣಬೆಯೂ ನಮ್ಮಂತೆಯೇ ಉಸಿರಾಡುವದು. ಅನಂತರ ಹದಿನೈದರಿಂದ ಇಪ್ಪತ್ತು ದಿವಸಗಳವರೆಗೆ ಚೀಲಗಳನ್ನು ಕತ್ತಲೆಯಲ್ಲಿಟ್ಟು ಮುಟ್ಟದೆ ಬಿಡತಕ್ಕದ್ದು. 25 ಡಿಗ್ರಿಯ ಎಡಬಲದ ಹವೆ ಆಗ ಅದಕ್ಕೆ ಹಿತವು.

ಇಲ್ಲಿ ನಮ್ಮ ಸೀಮೆಯ ಹಳೆಯ ಮನೆಗಳು ದೊಡ್ಡ ಉಪಕಾರವನ್ನು ಮಾಡುವವು. ಮೊಳ ದಪ್ಪದ ಕಲ್ಲುಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದದ ಫರಸಿ, ಇಂಥ ಒಳಕೋಣೆಯಲ್ಲಿ ಹೊರಗಿನ ಬಿಸಿಲು ನಡುಹಗಲಿಗೂ ಅಷ್ಟಾಗಿ ಮುಟ್ಟುವದಿಲ್ಲ. ಕಿಟಕಿಗೆ ಒದ್ದೆಯ ಗೋಣಿತಟ್ಟನ್ನು ಕಟ್ಟಿ, ನೆಲದ ಮೇಲೆ ಉಸುಕು ಹರವಿ ನೀರು ಚಿಮುಕಿಸಿದರೆ ಹವೆಯ ತೇವವು ನಿಲ್ಲುವದು. ಹೊಸ ಸಿಮೆಂಟಿನ ಮನೆಯವರು ನೆಲಮಟ್ಟದ, ಉತ್ತರ ದಿಕ್ಕಿನ ಕೋಣೆಯನ್ನು ಆರಿಸಿಕೊಳ್ಳಬಹುದು.

ಚೀಲವೆಲ್ಲ ಬೆಳ್ಳಗಾದ ಮೇಲೆ ಪ್ಲಾಸ್ಟಿಕನ್ನು ಸೀಳಿ ತೆಗೆದು, ಕೋಣೆಗೆ ಸ್ವಲ್ಪ ಬೆಳಕನ್ನೂ ಗಾಳಿಯನ್ನೂ ಬಿಟ್ಟು, ದಿನಕ್ಕೆ ಎರಡು ಮೂರು ಸಾರೆ ತೆಳ್ಳಗೆ ನೀರು ಚಿಮುಕಿಸಬೇಕು. ನಾಲ್ಕೈದು ದಿನಗಳಲ್ಲಿ ಗುಂಡುಸೂಜಿಯ ತಲೆಯಂಥ ಮೊಗ್ಗುಗಳು ತೋರುವವು. ಅಲ್ಲಿಂದ ಮೂರನೆಯ ದಿನಕ್ಕೆ ಅವು ಅಂಗೈಯಗಲ ಆಗುವದನ್ನು ನೋಡುವದೇ ಒಂದು ಸೋಜಿಗ. ನಮ್ಮ ಮಕ್ಕಳು ಆ ಮೂರು ದಿನ ಶಾಲೆಯಿಂದ ಓಡುತ್ತಲೇ ಬರುತ್ತಿದ್ದರು. ಅಂಚು ಹರಿದು ಸುರುಳುವ ಮೊದಲು, ನೀರು ಚಿಮುಕಿಸುವದಕ್ಕಿಂತ ಮುಂಚೆ, ಗೊಂಚಲನ್ನು ಬುಡದಲ್ಲಿ ಹಿಡಿದು ಮೆಲ್ಲನೆ ತಿರುವಿ ಕೀಳಬೇಕು. ತಡಮಾಡಿದರೆ ಅವುಗಳಿಂದ ಸಣ್ಣ ಹುಡಿ ಉದುರುವದು. ಮುಚ್ಚಿದ ಕೋಣೆಯಲ್ಲಿ ಈ ಹುಡಿಯಿಂದ ಕೆಮ್ಮು, ದಮ್ಮು ಬರುವದುಂಟು. ದಮ್ಮಿನ ರೋಗವಿದ್ದವರು ಆ ಕೋಣೆಗೆ ಹೋಗದಿರುವದೇ ಲೇಸು. ಉಳಿದವರೂ ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು.

ಒಂದು ವಾರ ಹತ್ತು ದಿನಗಳ ಅಂತರದಿಂದ ಎರಡನೆಯ, ಮೂರನೆಯ ಬೆಳೆಗಳು ಬರುವವು. ಒಂದು ಕಿಲೋ ಒಣ ಸಾಮಗ್ರಿಯಿಂದ ನಮಗೆ ಒಟ್ಟು ಅರ್ಧ ಕಿಲೋದ ಸುಮಾರಿಗೆ ಹಸಿ ಅಣಬೆ ಸಿಕ್ಕಿತು. ನುರಿತವರು ಹುಲ್ಲಿನ ಮೇಲೆ ಇದಕ್ಕಿಂತ ಹೆಚ್ಚು ತೆಗೆಯುವರು. ಹಸಿ ಅಣಬೆಯ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಇರುವದು. ಆದುದರಿಂದ ಇದು ಬೇಳೆಯ ಬದಲಿಗೆ ನಿಲ್ಲತಕ್ಕ ವಸ್ತುವಲ್ಲ, ಬೇಳೆಯ ಜೊತೆಗೆ ಕೂಡತಕ್ಕ ಒಳ್ಳೆಯ ಕಾಯಿಪಲ್ಯವೆಂದು ತಿಳಿಯಬೇಕು. ಅಡಿಗೆಗೆ ಮುಂಚೆ ಒಂದು ತಾಸು ಬಿಸಿಲಿಗೆ ಇಟ್ಟರೆ ಅದರಲ್ಲಿ ಡಿ ಜೀವಸತ್ವವು ಬೆಳೆಯುವದೆಂಬ ಮಾತು ಶಾಸ್ತ್ರಸಿದ್ಧವಾಗಿದೆ. ಚೆನ್ನಾಗಿ ಬೇಯಿಸಿಯೇ ಉಣ್ಣಬೇಕು. ಹಸಿಯಾಗಿ ತಿನ್ನುವದು ಬೇಡ.

ನಮ್ಮ ಅಕ್ಕನವರ ಮನೆ ಜೇವರ್ಗಿ ತಾಲೂಕಿನಲ್ಲಿದೆ. ಅವರ ಊರಲ್ಲಿ ಹತ್ತಿ ಕಟ್ಟಿಗೆ ಬೇಕಾದಷ್ಟು ಸಿಕ್ಕುವದಾದರೂ, ಹತ್ತಿಗೆ ಹೊಡೆಯುವ ಔಷಧಗಳನ್ನು ನೆನೆದು ಅವರು ಅದನ್ನು ಕೈಬಿಟ್ಟು ಬರಿಯ ಕಣಿಕೆಯಲ್ಲಿಯೇ ಬೆಳೆದರು. ಅಫಜಲಪುರದ ಕಡೆಯ ನಮ್ಮ ಸ್ನೇಹಿತರೊಬ್ಬರು ಕಬ್ಬಿನ ರವದಿಯನ್ನು ಬಳಸಿದರು. ರವದಿಯು ಹಗುರಾದುದರಿಂದ ಚೀಲಕ್ಕೆ ತೂಕ ಕಡಿಮೆ ಬಿದ್ದು ಬೆಳೆಯೂ ಕಡಿಮೆ ಬಂದಿತು. ಆದರೂ ಬದುವಿನಲ್ಲಿ ಸುಡುತ್ತಿದ್ದುದು ಊಟಕ್ಕೆ ಬಂದಿತಲ್ಲಾ ಎಂದು ಅವರಿಗೆ ಸಂತೋಷವಾಗಿದೆ. ಕಾರ್ತಿಕದಿಂದ ಮಾಘದವರೆಗೆ ಚಿಪ್ಪಣಬೆಗೆ ಈ ಸೀಮೆಯ ಹವೆ ಒಗ್ಗುವದು. ಬೇಸಿಗೆಯ ಕಾವು 40 ಡಿಗ್ರಿಯನ್ನು ದಾಟುವ ತಿಂಗಳುಗಳಲ್ಲಿ ಅದರ ಆಸೆಯನ್ನು ಬಿಡಬೇಕು. ಸೆಕೆಯನ್ನು ಹೆಚ್ಚು ತಾಳುವ ಹಾಲು ಅಣಬೆಯೆಂಬ ಇನ್ನೊಂದು ಜಾತಿಯುಂಟು. ಅದು ನಮ್ಮ ದೇಶದ್ದೇ. ಕೊಯಿಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು 1998ರಲ್ಲಿ ಅದರ ತಳಿಯೊಂದನ್ನು ಬಿಡುಗಡೆ ಮಾಡಿದರು. ಅದಕ್ಕೆ ಚೀಲದ ಮೇಲೆ ಕಾಯಿಸಿದ ಮಣ್ಣಿನ ಹೊದಿಕೆ ಬೇಕಾಗುವದು. ಆದರೆ ಕುಡಿಯುವ ನೀರನ್ನೇ ದೂರದಿಂದ ಹೊತ್ತು ತರುವ ಊರಲ್ಲಿ ಬೇಸಿಗೆಗೆ ಯಾವ ಅಣಬೆಯ ಹವ್ಯಾಸವೂ ಸಲ್ಲದೆಂದು ನಮ್ಮ ಅಭಿಪ್ರಾಯ.

ಇನ್ನು ಎಲ್ಲಕ್ಕಿಂತ ಮಹತ್ವದ ಮಾತು. ನಮ್ಮ ಲೇಖನವನ್ನು ಓದಿ ಯಾರಾದರೂ ಮಳೆಗಾಲದಲ್ಲಿ ಹೊಲ, ತಿಪ್ಪೆ, ಮರದ ಬೊಡ್ಡೆಗಳಲ್ಲಿ ತಾನಾಗಿ ಎದ್ದ ಅಣಬೆಗಳನ್ನು ಕಿತ್ತು ತಂದರೆ ಆ ಪಾಪವು ನಮ್ಮದಾಗುವದು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಹುಳ ತಿಂದುದಾದರೆ ವಿಷವಿಲ್ಲ, ಕಟ್ಟಿಗೆಯ ಮೇಲೆ ಎದ್ದುದಾದರೆ ವಿಷವಿಲ್ಲ ಎಂಬ ಮಾತುಗಳೆಲ್ಲ ಸುಳ್ಳು. ಕಟ್ಟಿಗೆಯ ಮೇಲೆಯೇ ಬೆಳೆಯುವ ಪ್ರಾಣಘಾತಕ ಅಣಬೆಗಳೂ ಲೋಕದಲ್ಲಿವೆ. ಅತ್ಯಂತ ಕ್ರೂರವಾದ ವಿಷವು ಕುದಿಸಿದರೂ ಹೋಗುವದಿಲ್ಲ. ಉಂಡ ಆರು ಹನ್ನೆರಡು ತಾಸುಗಳ ಮೇಲೆ ತನ್ನ ಗುಣವನ್ನು ತೋರುವದು. ನಡುವೆ ಒಂದು ದಿನ ವಾಸಿಯಾದಂತೆ ಕಂಡು ಒಳಗೊಳಗೆ ಯಕೃತ್ತನ್ನು ಕೆಡಿಸುವದು. ನಮ್ಮ ತಾಯಿಯವರು ಹೇಳಿದ ಆ ಹುಡುಗನ ಕಥೆಯು ಇದಕ್ಕೆ ಎಷ್ಟು ಸರಿಯಾಗಿ ಹೊಂದುವದು! ಅಂಥ ಸಂಶಯ ಬಂದ ಕೂಡಲೆ, ನೋವು ಇಳಿಯಿತೆಂದು ಕಾಯದೆ, ಉಳಿದ ಅಣಬೆಯ ತುಂಡನ್ನೂ ತೆಗೆದುಕೊಂಡು ದವಾಖಾನೆಗೆ ಧಾವಿಸಬೇಕು.

ಎರಡನೆಯ ವರ್ಷದ ಮೊದಲ ಗೊಂಚಲು ಬಂದ ದಿನ ತಾಯಿಯವರು ಕೋಣೆಗೆ ಬಂದು ಬಹಳ ಹೊತ್ತು ನೋಡಿದರು. ಬೀಜ ಎಲ್ಲಿಯದು, ಕಟ್ಟಿಗೆ ಯಾವ ಹೊಲದ್ದು, ಯಾವ ದಿನ ತುಂಬಿದ್ದು ಎಂದೆಲ್ಲ ಕೇಳಿದರು. ಚೀಲದ ಒಂದು ಮೂಲೆಯಲ್ಲಿ ತೆಳ್ಳಗಿನ ಕಪ್ಪು ಕೊಡೆಗಳೆರಡು ಬೇರೆಯಾಗಿ ಎದ್ದಿದ್ದವು. ನಮ್ಮ ಲಕ್ಷ್ಯಕ್ಕೆ ಬಾರದ ಅವು ಅವರ ಕಣ್ಣಿಗೆ ಬಿದ್ದವು. "ಇವು ನೀ ಬಿತ್ತಿದ್ದಲ್ಲ" ಎಂದು ಅವರೇ ಆ ಚೀಲವನ್ನು ಹೊರಗೆ ಇಡಿಸಿದರು. ಉಳಿದ ಚೀಲಗಳ ಅಣಬೆಯನ್ನು ತಾವೇ ಹೆಚ್ಚಿ, ಉಳ್ಳಾಗಡ್ಡಿ, ಶೇಂಗಾದ ಹಿಂಡಿ ಹಾಕಿ ಪಲ್ಯ ಮಾಡಿದರು. ಮೊದಲ ದಿನ ಒಬ್ಬರೇ ದೊಡ್ಡವರು ಸ್ವಲ್ಪವೇ ಉಂಡು ನೋಡುವದು, ಮಕ್ಕಳಿಗೆ ಮರುದಿನ ಎಂಬ ನೇಮವನ್ನೂ ಹಾಕಿದರು. ಹೊಸ ಪದಾರ್ಥವು ಕೆಲವರ ಹೊಟ್ಟೆಗೆ ಒಗ್ಗದಿರಬಹುದಾದುದರಿಂದ ಈ ನೇಮವು ಎಲ್ಲರೂ ಪಾಲಿಸತಕ್ಕದ್ದಾಗಿದೆ. ತಾವು ಮಾತ್ರ ಇಂದಿಗೂ ಅದನ್ನು ಮುಟ್ಟುವದಿಲ್ಲ. ನಾವೂ ಒತ್ತಾಯ ಮಾಡುವದಿಲ್ಲ.

ಬೆಳೆ ಮುಗಿದ ಚೀಲಗಳನ್ನು ಈಗ ಹಿತ್ತಲಿನ ಗುಂಡಿಯಲ್ಲಿ ಸಗಣಿಯೊಡನೆ ಕೂಡಿಸುವೆವು. ಕೈಗೆ ಮುರಿಯದಿದ್ದ ಕಟ್ಟಿಗೆಯು ಆ ಹೊತ್ತಿಗೆ ಬೆರಳಿನಲ್ಲಿ ಹಿಸುಕಿದರೆ ಹುಡಿಯಾಗುವಷ್ಟು ಮೆತ್ತಗಾಗಿರುವದು. ಆ ಗೊಬ್ಬರವು ಕುಂಡದ ಗಿಡಗಳಿಗೆ ಹೋಗುವದು. ಈ ವರ್ಷ ರಾಶಿ ಮುಗಿದ ಮರುದಿನವೇ ತಾಯಿಯವರು ಕಣಕ್ಕೆ ಬಂದು, ನೆಟೆ ಹಿಡಿಯದ ಸಾಲುಗಳ ಕಡ್ಡಿಯನ್ನು ಆಳುಗಳಿಂದ ಬೇರೆ ಹೊರೆ ಕಟ್ಟಿಸಿ ಒಳಕೋಣೆಯ ಮಗ್ಗುಲಿಗೆ ಒಟ್ಟಿಸಿದ್ದಾರೆ. ಬೀಜ ಬರುವ ಹಾದಿಯನ್ನು ನಾವು ಕಾಯುತ್ತಿದ್ದೇವೆ.